ಗುರುಸಿದ್ದಮ್ಮನ ನೋಂದಣಿ ಸಂಖ್ಯೆ

ಶನಿವಾರಸಂತೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಗುರುಸಿದ್ದಮ್ಮ ಇಪ್ಪತ್ತೇಳು ವರ್ಷದಿಂದ ನರ್ಸು. ನಮ್ಮ ಮೆಣಸಿನ ಮಂಡಿಯ ಹಮಾಲರೆಲ್ಲ ಅವರ ಸೂಜಿಗೆ ತೋಳು ಕೊಟ್ಟವರೇ. ಮೂಟೆಗೆ ಹೆದರದವರು ಅವರ ಕಣ್ಣಿಗೆ ಹೆದರುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ, ಹಾಸನದಲ್ಲಿ ಹದಿನೆಂಟು ತಿಂಗಳ ಎ.ಎನ್.ಎಂ. ನರ್ಸಿಂಗ್ ಕಲಿತು ಬಂದಾಗ ಅಂದಿನ ಡಾಕ್ಟರು ಕೇಳಿದ್ದು ಎರಡೇ: ರಕ್ತ ಕಂಡರೆ ತಲೆ ಸುತ್ತುತ್ತದೆಯೇ, ಯಾರ ಮನೆಯ ಸೊಸೆ? ನರ್ಸಿಂಗ್ ಕೌನ್ಸಿಲ್ ಕೊಟ್ಟ ನೋಂದಣಿ ಸಂಖ್ಯೆಯನ್ನು ಕೇಳಲಿಲ್ಲ. ಈಗ ಆ ಓದಿಗೆ ಪಿಯುಸಿ ಬೇಕು, ಎರಡು ವರ್ಷ ಬೇಕು; ನೋಂದಣಿಯನ್ನೂ ಆಗಾಗ ನವೀಕರಿಸಬೇಕು.

ಕಳೆದ ವರ್ಷ ಹೊಸ ಡಾಕ್ಟರು, "ತಿಂಗಳ ಕೊನೆಯೊಳಗೆ ನವೀಕರಣದ ಕಾಗದ ತನ್ನಿ, ಇಲ್ಲಾಂದ್ರೆ ಡ್ಯೂಟಿ ಇಲ್ಲ" ಎಂದುಬಿಟ್ಟರು.

ನವೀಕರಣಕ್ಕೆ ಬೇಕಾದ ತರಬೇತಿಯ ಗಂಟೆಗಳೆಲ್ಲ ಸರಿಯಿದ್ದವು. ನೋಂದಣಿಯ ಸರ್ಟಿಫಿಕೇಟು ಬಿಚ್ಚಿದರೆ ಸಂಖ್ಯೆಯೇ ಇಲ್ಲ! ಪ್ರತಿ ಆಯುಧಪೂಜೆಗೂ ಬಿ.ಪಿ. ಯಂತ್ರ, ಕತ್ತರಿಗಳ ಜೊತೆ ಅದನ್ನೂ ಇಟ್ಟು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆಯುತ್ತಿದ್ದರು. ಶಾಯಿಯಲ್ಲಿ ಬರೆದಿದ್ದ ಸಂಖ್ಯೆ ವಿಭೂತಿಯಲ್ಲಿ ಐಕ್ಯವಾಗಿತ್ತು. ನಾವೂ ತಕ್ಕಡಿಗೆ ಹಚ್ಚುತ್ತೇವೆ, ತಕ್ಕಡಿ ಅಳಿಸಿಹೋಗುವುದಿಲ್ಲ.

ಜೊತೆಗೆ ಓದಿದ ಸರ್ವಮಂಗಳ ಇವರೊಂದಿಗೆ ಒಂದೇ ದಿನ ನೋಂದಾಯಿಸಿದವರು. ಫೋನ್ ಮಾಡಿ ಕೇಳಿದಾಗ ಅವರ ನೋಂದಣಿ ಸಂಖ್ಯೆ ಸಿಕ್ಕಿತು. ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯ ನಿರಂಜನನಿಗೆ ಹುಮ್ಮಸ್ಸು ಬಂತು.

"ಅವ್ರ ಹಿಂದೇನೆ ಲೈನಲ್ಲಿ ನಿಂತಿದ್ರಲ್ಲ ಆಂಟಿ, ಒಂದು ಕೂಡ್ಸಿ ಹಾಕ್ಬಿಡಾಣ."

"ಅಂದಾಜಿಗೆ ಹಾಕಕ್ಕೆ ಇದೇನ್ ಸಾರಿಗೆ ಉಪ್ಪೇನೋ? ಬ್ಯಾರೆಯವ್ರದ್ದಾದ್ರೆ ಕೆಲಸಾನೂ ಹೋಯ್ತು, ಮಾನಾನೂ ಹೋಯ್ತು."

ಮರುದಿನ ಮೊದಲ ಬಸ್ಸಿಗೇ ಬೆಂಗಳೂರಿಗೆ ಹೊರಟರು. ಕೌನ್ಸಿಲ್ ಕಚೇರಿಯ ಗುಮಾಸ್ತರು ವಿಭೂತಿ ಮೆತ್ತಿದ ಸರ್ಟಿಫಿಕೇಟನ್ನು ತಿರುಗಿಸಿ ನೋಡಿ, "ಇದಕ್ಕೇನಮ್ಮ, ಮೈ ಹುಷಾರಿಲ್ವಾ?" ಎಂದರಂತೆ. ಆದರೂ ದಪ್ಪ ರಿಜಿಸ್ಟರು ತೆಗೆದು, ಸರ್ವಮಂಗಳರ ಹೆಸರಿದ್ದ ಪುಟದಿಂದ ಹುಡುಕಿದರು. ಅದರ ಕೆಳಗಿನ ಸಾಲಿನಲ್ಲಿ ರಾಯಚೂರಿನ ಯಾರೋ ಹೆಣ್ಣುಮಗಳು. ಗುರುಸಿದ್ದಮ್ಮ ಸಿಕ್ಕಿದ್ದು ಹನ್ನೊಂದು ಸಾಲು ಆಚೆಗೆ.

ತಿಂಗಳು ಮುಗಿಯಲು ಎರಡು ದಿನವಿರುವಾಗ ನವೀಕರಣದ ಕಾಗದ ಡಾಕ್ಟರ ಮೇಜು ಸೇರಿತು. ಅವರು ಕನ್ನಡಕ ಏರಿಸಿ, "ಅಂತೂ ಇಷ್ಟು ವರ್ಷ ನಂಬರಿಲ್ದೆ ಸೂಜಿ ಹಾಕಿದ್ರಿ" ಎಂದು ಕೆಣಕಿದರು.

"ನಂಬರಿತ್ತು ಸಾರ್, ಓದಕ್ಕಾಗ್ತಿರ್ಲಿಲ್ಲ ಅಷ್ಟೆ. ನೀವು ಬರ್ಕೊಡೋ ಚೀಟಿ ತರಾನೇ."

ಡಾಕ್ಟರು ಡ್ಯೂಟಿ ಪಟ್ಟಿಗೆ ಸಹಿ ಹಾಕಿ ಕಾಗದ ವಾಪಸ್ ಕೊಟ್ಟರು. ಗುರುಸಿದ್ದಮ್ಮ ಕೈ ತೊಳೆಯಲು ಹೋದರು.