ಕೆಳಗಿನ ಮನೆಯವರ ಅಭಿಪ್ರಾಯ

ಕಂಪ್ಯೂಟರ್ ಆಟಕ್ಕೆಂದು ಆ ಕೀಬೋರ್ಡು ಕೊಳ್ಳುವ ಮೊದಲು ಆನ್‌ಲೈನಿನಲ್ಲಿ ಎಷ್ಟು ಜನರ ಅಭಿಪ್ರಾಯ ಓದಿದ್ದೆ ಎಂದು ಕೇಳಿದರೆ ಹೇಳಲಾರೆ. ನನ್ನ ನೆನಪಿನಲ್ಲಿ ಅದು ಕೆಲವೇ ದಿನಗಳ ಕೆಲಸ. ಜೊತೆಗಿದ್ದ ಗೆಳೆಯನ ಪ್ರಕಾರ ಇಡೀ ಮಳೆಗಾಲ.

ಪುಣೆಯ ಬಿಬವೇವಾಡಿಯಲ್ಲಿ ಒಂದು ಮಹಡಿ ಮನೆಯಲ್ಲಿ ನಾವಿಬ್ಬರೂ ಬಾಡಿಗೆಗಿದ್ದೆವು. ಇಬ್ಬರದೂ ಸಾಫ್ಟ್‌ವೇರ್ ಕೆಲಸ, ಅದೂ ಹೆಚ್ಚು ದಿನ ಮನೆಯಿಂದಲೇ. ಕೆಳಗೆ ಮನೆಯ ಮಾಲೀಕರು. ಬಾಗಲಕೋಟೆ ಕಡೆಯಿಂದ ಬಂದು ಬೆಲ್ಲದ ವ್ಯಾಪಾರ ಹಿಡಿದ ಯಜಮಾನರು, ಅವರ ಹೆಂಡತಿ. ಮೊದಲ ದಿನ ನಾನು ಮೈಸೂರಿನ ಅಭ್ಯಾಸದಂತೆ ಆಂಟಿ ಎಂದಾಗ ಆಕೆ, “ಆಂಟಿ-ಗೀಂಟಿ ಬ್ಯಾಡೋ ತಮ್ಮಾ, ಕಾಕು ಅನ್ನು” ಎಂದಿದ್ದರು. ಹಾಗೆ ಯಜಮಾನರು ಕಾಕಾ ಆದರು.

ಮದುವೆಯಾಗದ ಗಂಡಸರಿಗೆ ಈ ಊರಿನಲ್ಲಿ ಮನೆ ಸಿಗುವುದು ಸುಲಭವಲ್ಲ. ಹಿಂದೆ ನೋಡಿದ ಕಡೆಯಲ್ಲೆಲ್ಲ ಮೊದಲ ಪ್ರಶ್ನೆ ಯಾವ ಊರು, ಎರಡನೆಯದು ಏನು ತಿನ್ನುತ್ತೀರಿ, ಮೂರನೆಯದು ‘ಫ್ಯಾಮಿಲಿ ಆಹೇ ಕಾ?’, ಅಂದರೆ ಸಂಸಾರ ಇದೆಯೇ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕನ್ನಡದ ಹುಡುಗರು ಎಂಬ ಒಂದೇ ಕಾರಣಕ್ಕೆ ಕಾಕು ನಮ್ಮನ್ನು ಇಟ್ಟುಕೊಂಡಿದ್ದರು. ಕರಾರು ಹನ್ನೊಂದು ತಿಂಗಳಿನದು. ಮುಂದುವರಿಸುವುದು ಬಿಡುವುದು ಅವರ ಮರ್ಜಿ. ಈ ಮನೆ ತಪ್ಪಿದರೆ ಮತ್ತೆ ಆ ಮೂರನೆಯ ಪ್ರಶ್ನೆಯ ಬಾಗಿಲಿಗೇ ಹೋಗಬೇಕು.

ನಾನು ಸಂಖ್ಯಾಶಾಸ್ತ್ರ ಓದಿದವನು. ಯಾರ ಮಾತನ್ನೂ ಹಾಗೇ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಕಲಿಸಿದವರ ಮಾತನ್ನು ಮಾತ್ರ ಯಾಕೆ ನಂಬಿದೆನೋ ಗೊತ್ತಿಲ್ಲ. ಐದು ನಕ್ಷತ್ರ ಕೊಟ್ಟವರನ್ನು ಕಂಪನಿಯ ನೆಂಟರೆಂದು ಬಿಟ್ಟೆ. ಒಂದು ನಕ್ಷತ್ರದವರು ಡಬ್ಬದ ಮೂಲೆ ಜಜ್ಜಿದ್ದಕ್ಕೆ, ತಂದವನು ಗೇಟಿನಲ್ಲೇ ನಿಂತು ಕೂಗಿದ್ದಕ್ಕೆ ಸಿಟ್ಟಾದವರು. ಅವರು ಕೀಬೋರ್ಡಿನ ಸುದ್ದಿಗೇ ಹೋಗಿರಲಿಲ್ಲ. ಉಳಿದ ಮೂರು ನಕ್ಷತ್ರದವರು ‘ಪರವಾಗಿಲ್ಲ’ ಎಂದಿದ್ದರು. ಒಬ್ಬ ‘ಇನ್ನೂ ತೆರೆದಿಲ್ಲ, ಪ್ಯಾಕಿಂಗ್ ಅದ್ಭುತ’ ಎಂದು ಬರೆದಿದ್ದ. ಇನ್ನೊಬ್ಬನಿಗೆ ಕೀಲಿ ಒತ್ತಿದರೆ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗಾಗುತ್ತಿತ್ತಂತೆ. ಬೆಣ್ಣೆಯಲ್ಲಿ ಬೆರಳಿಟ್ಟು ಯಾರು ಆಟ ಗೆದ್ದಿದ್ದಾರೆ? ಮತ್ತೊಬ್ಬ ಮಹಾಶಯ, ಇದನ್ನು ಕೊಂಡ ಮೇಲೆ ತನ್ನ ಕೈಯಲ್ಲಿ ಸಾಯುವವರು ದುಪ್ಪಟ್ಟಾಗಿದ್ದಾರೆಂದು ಹೆಸರು, ಊರು ಸಮೇತ ಹೆಮ್ಮೆಯಿಂದ ಬರೆದುಕೊಂಡಿದ್ದ.

ಇಂಥ ಕೀಬೋರ್ಡಿನಲ್ಲಿ ಪ್ರತಿ ಕೀಲಿಯ ಕೆಳಗೂ ಒಂದೊಂದು ಸ್ವಿಚ್ಚು ಇರುತ್ತದೆ, ಬಣ್ಣದ ಮೇಲೆ ಅದರ ಗುಣ. ಕೆಂಪು ಸುಮ್ಮನೆ ಇಳಿಯುತ್ತದೆ. ಕಂದು ಸ್ವಲ್ಪ ತಡೆದು ಇಳಿಯುತ್ತದೆ. ನೀಲಿ ಟಕ್ ಎಂದು ಊರಿಗೆಲ್ಲ ಹೇಳಿ ಇಳಿಯುತ್ತದೆ. ಕೆಂಪಿನವರು ನೀಲಿಯವರನ್ನು, ಇಬ್ಬರೂ ಸೇರಿ ಕಂದಿನವರನ್ನು ಜರಿಯುವುದನ್ನು ಓದಿದ ಮೇಲೆ ಮಠಗಳ ಜಗಳ ಸಭ್ಯವಾಗಿ ಕಂಡಿತು.

“ಮಗಾ, ಕೀಬೋರ್ಡ್ ತಗೋತಿದೀಯಾ, ಹುಡುಗಿ ನೋಡ್ತಿದೀಯಾ?” ಎಂದ ಗೆಳೆಯ. “ಜಾತಕ ಒಂದು ಬಾಕಿ ನೋಡು.”

ಆಟಕ್ಕೆ ಕೆಂಪೇ ವಾಸಿ ಎಂದು ಬಹುಮತವಿತ್ತು. ಬಹುಮತ ಎಂದ ಕೂಡಲೇ ನನಗೆ ಅನುಮಾನ. ನೀಲಿಯನ್ನೇ ಕೊಂಡೆ. ಸದ್ದಿನ ಅಂಜಿಕೆ ಇದ್ದದ್ದು ನಿಜ. ಅದನ್ನು ಕಳೆದದ್ದು ಒಬ್ಬನ ಅಭಿಪ್ರಾಯ: ‘ಬಹಳ ದಿನದಿಂದ ನೀಲಿ ಬಳಸುತ್ತಿದ್ದೇನೆ, ಕೆಳಗಿನ ಮನೆಯವರು ಒಮ್ಮೆಯೂ ದೂರಿಲ್ಲ.’

ನನ್ನ ನೌಕರಿಯೆಲ್ಲ ಆಫೀಸಿನ ಲ್ಯಾಪ್‌ಟಾಪಿನಲ್ಲಿ. ಅದಕ್ಕೆ ಸದ್ದೇ ಇಲ್ಲ. ನೀಲಿ ಇದ್ದದ್ದು ನನ್ನ ಸ್ವಂತ ಕಂಪ್ಯೂಟರಿನಲ್ಲಿ, ಆಟಕ್ಕೆ. ಊಟದ ಬಿಡುವಿನಲ್ಲಿ, ಮೀಟಿಂಗಿನ ನಡುವೆ, ಎಷ್ಟೋ ಸಲ ಮೀಟಿಂಗಿನ ಒಳಗೇ, ನಾನು ಶತ್ರುಗಳನ್ನು ಉರುಳಿಸುತ್ತಿದ್ದೆ. ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಸದ್ದು.

ಕರಾರು ಮುಗಿಯುವುದು ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನಾವಿಬ್ಬರೂ ಹಾಲು ತಂದು ಒಳಗೆ ಬರುವಾಗ ಕಾಕಾ ಸ್ಕೂಟರ್ ಒರೆಸುತ್ತಿದ್ದರು. “ಏನ್ರೀ ಸರ, ಮ್ಯಾಲಿಂದ ದಿನಾ ಭಾಳ ಸಪ್ಪಳ ಬರ್ತದಲ್ರಿ” ಎಂದರು. ನನ್ನ ನೆನಪಿನಲ್ಲಿ ಅವರ ಮಾತು ಅಷ್ಟೇ.

ಮೇಲೆ ಬಂದವನೇ, ನನಗೆ ಧೈರ್ಯ ಕೊಟ್ಟಿದ್ದ ಆ ಪುಣ್ಯಾತ್ಮನ ಅಭಿಪ್ರಾಯ ಹುಡುಕಿ ತೆಗೆದೆ. ಅದರ ಕೆಳಗೆ ಯಾರೋ ‘ನಿಮ್ಮದು ಯಾವ ಮಹಡಿ?’ ಎಂದು ಕೇಳಿದ್ದರು. ‘ನೆಲಮಹಡಿ’ ಎಂದು ಆತ ಉತ್ತರಿಸಿದ್ದ. ಇದನ್ನು ನಾನು ಮೊದಲು ನೋಡಿರಲಿಲ್ಲ ಎಂದು ಆಣೆ ಮಾಡಲು ಸಿದ್ಧನಿದ್ದೆ.

“ನೀನು ನೋಡಿದ್ದೆ ಕಣೋ,” ಎಂದ ಗೆಳೆಯ. “ನನ್ನನ್ನ ಕರೆದು ತೋರಿಸಿ ನಕ್ಕಿದ್ದೆ.”

ಮತ್ತೆ ಅಭಿಪ್ರಾಯಗಳಿಗೆ ಬಿದ್ದೆ. ಸದ್ದಡಗಿಸಿದ ಕೆಂಪು ಸ್ವಿಚ್ಚಿನದೊಂದು ಇತ್ತು. ಪಕ್ಕದಲ್ಲಿ ಮಗು ಮಲಗಿದ್ದರೂ ಏಳುವುದಿಲ್ಲ ಎಂದು ಒಬ್ಬ ತಂದೆ ಬರೆದಿದ್ದ. ಮಗು ಎಲ್ಲಿಯದೋ, ಎಂಥದೋ, ವಿಚಾರಿಸಲಿಲ್ಲ. ಕೊಂಡೆ. ನೀಲಿ ಕಪಾಟಿನ ಮೇಲೆ ಹೋಯಿತು. ಮನೆ ಆಸ್ಪತ್ರೆಯಂತೆ ತಣ್ಣಗಾಯಿತು. ಇನ್ನು ಕಾಕಾ ಕರಾರಿಗೆ ಕರೆಯುತ್ತಾರೆಂದು ಕಾದೆ.

ಬಂದವರು ಕಾಕು. ಕೈಯಲ್ಲಿ ರೊಟ್ಟಿಯ ಗಂಟು, ಮುಖದಲ್ಲಿ ಸಾವಿನ ಮನೆಗೆ ಬಂದವರ ಗಾಂಭೀರ್ಯ.

“ತಮ್ಮಾ, ಖರೇ ಹೇಳು. ನೌಕರಿ ಹೋತೇನು?”

“ಇಲ್ವಲ್ಲ ಕಾಕು! ಯಾಕೆ?”

“ಮತ್ತ ಟಕಟಕ ಯಾಕ ನಿಂತದ? ನಮ್ಮಪ್ಪ ಕೋರ್ಟಿನ್ಯಾಗ ಟೈಪಿಸ್ಟ್ ಇದ್ದಾ. ಟಕಟಕ ನಿಂತ್ರ ಪಗಾರ ನಿಂತಂಗ. ಈಗ ಕಂಪನಿಯವರು ಮಂದೀನ ತಗೀಲಿಕ್ಕತ್ತಾರ ಅಂತ ಟೀವಿಯೊಳಗೂ ಬಂತು.” ಗಂಟನ್ನು ಮೇಜಿನ ಮೇಲಿಟ್ಟು ದನಿ ತಗ್ಗಿಸಿದರು. “ಭೋಸರಿ ಕಾರಖಾನಿಯವರೊಬ್ಬರು ಮನಿ ಕೇಳ್ಯಾರ. ರವಿವಾರ ನೋಡಾಕ ಬರ್ತಾರ. ನೌಕರಿ ಇಲ್ಲದವರ್ನ ಹ್ಯಾಂಗ ಇಟ್ಕೊಳ್ಳೂದು ಅಂತಾರ ಇವರು. ನನಗೇನು ನಿಮ್ಮನ್ನ ಬಿಡಾಕ ಮನಸಿಲ್ಲ.”

“ಆದ್ರೆ ಕಾಕಾನೇ ಸಪ್ಪಳ ಜಾಸ್ತಿ ಅಂದ್ರಲ್ಲ?”

“ಹೌದೋ, ಅಂದಾರ. ಹುಡುಗ್ರು ಭಾಳ ದುಡೀತಾವ ಅಂತ ಓಣಿ ತುಂಬ ಹೇಳ್ಯಾರ!”

ನಾನು ಗೆಳೆಯನ ಮುಖ ನೋಡಿದೆ. “ಹೂಂ, ಅವತ್ತೂ ಅದನ್ನೇ ಅಂದ್ರು. ಅಷ್ಟರಲ್ಲಿ ನೀನು ಮೆಟ್ಟಿಲು ಹತ್ತಿ ಆಗಿತ್ತು.” ನನಗೆ ಮಾತ್ರ ಕೊನೆಯವರೆಗೂ ಅಲ್ಲೇ ನಿಂತಿದ್ದೇ ನೆನಪು.

“ನನಗೆ ಹೇಳೋದಲ್ವಾ?”

“ಕಿವಿಗೆ ಸ್ವಲ್ಪ ರೆಸ್ಟ್ ಬೇಕಿತ್ತು ಗುರು.”

ನಾನು ಸಾಕ್ಷ್ಯದ ಮನುಷ್ಯ. ಲ್ಯಾಪ್‌ಟಾಪ್ ತೆರೆದು ಸಂಬಳದ ಪತ್ರವನ್ನೇ ಕಾಕುಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿದರು. “ಕಂಪ್ಯೂಟರಿನ್ಯಾಗ ಯಾರ್ ಏನ್ ಬೇಕಾದ್ರೂ ಬರೀತಾರ” ಎಂದರು. ವಿಶ್ವವಿದ್ಯಾಲಯ ನನಗೆ ಕಲಿಸಲು ಹೆಣಗಿದ್ದು ಇದನ್ನೇ.

ಅಷ್ಟರಲ್ಲಿ ಗೆಳೆಯ ಕುರ್ಚಿ ಹತ್ತಿ ಕಪಾಟಿನಿಂದ ನೀಲಿಯನ್ನು ಇಳಿಸಿದ. “ಇದು ಕೆಟ್ಟಿತ್ತು ಕಾಕು, ಈಗ ಸರಿಯಾಗಿದೆ. ಕೂತ್ಕೊಳೋ, ಕೆಲಸ ಮಾಡು” ಎಂದು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ನಾನು ಕೂತೆ. ಪರದೆಯನ್ನು ಗೋಡೆಯ ಕಡೆ ಕೊಂಚ ತಿರುಗಿಸಿಕೊಂಡು ಆಟ ತೆರೆದೆ. ಎಂದೂ ಅಷ್ಟು ಶ್ರದ್ಧೆಯಿಂದ ಆಡಿರಲಿಲ್ಲ. ಕಾಕು ಬಾಗಿಲಿಗೆ ಒರಗಿ ನಿಂತು ನನ್ನ ಗಂಟಿಕ್ಕಿದ ಹುಬ್ಬನ್ನೇ ನೋಡಿದರು.

“ಹಾಂ, ಈಗ ಜೀವ ಬಂತು ನೋಡ್” ಎಂದು ಇಳಿದು ಹೋದರು.

ಭೋಸರಿಯವರು ರವಿವಾರ ಬಂದರು. ಕಾಕು ಚಹಾ ಕೊಟ್ಟು, ಮನೆ ಖಾಲಿ ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ಅವರು ಇದ್ದಷ್ಟು ಹೊತ್ತೂ ಮೇಲೆ ನಾನು ಬೆರಳು ನಿಲ್ಲಿಸಲಿಲ್ಲ. ಕರಾರಿಗೆ ರುಜು ಹಾಕುವಾಗ ಕಾಕಾ, “ನಿಮ್ಮ ಸಪ್ಪಳ ಕೇಳಿದ್ರ ನನಗೂ ದುಕಾನಕ್ಕ ಲಗೂನ ಹೋಗಬೇಕನಸ್ತದ ನೋಡ್ರಿ” ಎಂದರು. ಈ ಸಲ ನಾನು ಮಾತು ಮುಗಿಯುವವರೆಗೂ ನಿಂತಿದ್ದೆ. ಗೆಳೆಯನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ಈಗ ಆಡಲೇಬೇಕು. ಬೇಸರವಿರಲಿ, ಬೆರಳು ನೋಯಲಿ, ಹಗಲಿನಲ್ಲಿ ಒಂದಿಷ್ಟು ಶತ್ರುಗಳು ಬೀಳಲೇಬೇಕು. ಮೊನ್ನೆ ಆಫೀಸಿನದು ನಿಜಕ್ಕೂ ತುರ್ತು ಕೆಲಸ, ಬೆಳಗಿನಿಂದ ತಲೆ ಎತ್ತದೆ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದೆ. ಮಧ್ಯಾಹ್ನ ಕೆಳಗಿನಿಂದ ಕಾಕುವಿನ ದನಿ ಬಂತು.

“ಏ ತಮ್ಮಾ, ಇವತ್ತ ಸೂಟಿ ಏನೋ?”

“ಇಲ್ಲ ಕಾಕು, ಈಗ ಶುರು ಮಾಡ್ತೀನಿ” ಎಂದು ಕೂಗಿ, ಲ್ಯಾಪ್‌ಟಾಪು ಮುಚ್ಚಿ, ನೀಲಿಯ ಮುಂದೆ ಕೂತೆ.