ಮಾವ ಎತ್ತಿಕೊಂಡ ಮಗು

ಬಾಣಂತನ ಮುಗಿಸಿ ತವರಿನಿಂದ ಸುಳ್ಯದ ಹತ್ತಿರದ ಅಜ್ಜಾವರದ ಗಂಡನ ಮನೆಗೆ ನಾನು ಮರಳಿದ್ದು ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ. ಮಡಿಲಲ್ಲಿ ನಾಲ್ಕು ತಿಂಗಳ ಮಗಳು. ನನ್ನ ತವರು ಪುತ್ತೂರಿನ ಆಚೆ. ನಾವೂ ಗೌಡರೇ ಆದರೂ ಮನೆಯಲ್ಲಿ ಆಡುವುದು ತುಳು. ಗಂಡನ ಮನೆಯಲ್ಲಿ ಸುಳ್ಯದ ಕಡೆಯ ಗೌಡರ ಅರೆಭಾಷೆ. ಕೇಳಿದರೆ ಅರ್ಥವಾಗುತ್ತಿತ್ತು, ಆಡಲು ನನಗೆ ನಾಲಿಗೆ ತಿರುಗುತ್ತಿರಲಿಲ್ಲ. ಹಾಗಾಗಿ ಅತ್ತೆ, ಮಾವ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಅತ್ತೆಯ ಕನ್ನಡಕ್ಕೆ ಬೇಗ ಸಲಿಗೆ ಬಂತು. ಮಾವನದು ಮಾತ್ರ ಪಂಚಾಯತಿ ಸಭೆಯ ಕನ್ನಡ. ಬೇಕಾದಷ್ಟೇ ಮಾತು, ಅದೂ ಎದುರಿನ ಕಂಬವನ್ನು ನೋಡಿಕೊಂಡು. ಗಂಡ ಸುಬ್ರಹ್ಮಣ್ಯದ ಹತ್ತಿರ ಶಾಲಾ ಮೇಷ್ಟ್ರು. ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದರು.

ಮೊದಲ ಮೊಮ್ಮಗಳನ್ನು ಮಾವ ಎತ್ತಿಕೊಳ್ಳಬಹುದು ಎಂದು ಬಂದ ದಿನವೇ ಮಗುವನ್ನು ಅವರ ಮುಂದೆ ಹಿಡಿದಿದ್ದೆ. ಅವರು ಬಗ್ಗಿ ನೋಡಿದರು, ಕೈ ಮುಂದೆ ಮಾಡಲಿಲ್ಲ. "ಒಳಗೆ ಕರಕೊಂಡು ಹೋಗು, ಇಲ್ಲಿ ಗಾಳಿ ಉಂಟು" ಎಂದರು. ಸ್ವಂತ ಮಕ್ಕಳನ್ನೂ ಅವರು ಎತ್ತಿದ್ದು ಕಂಡಿಲ್ಲ ಎಂದು ನನ್ನ ಗಂಡ ಮೊದಲೇ ಹೇಳಿದ್ದರಿಂದ ನನಗೇನೂ ಬೇಸರವಾಗಲಿಲ್ಲ.

ಬೆಳಗ್ಗೆ ಹೊಳೆಯ ಕಡೆಯಿಂದ ಮಂಜು ಏಳುವ ದಿನಗಳು. ವಾರ ಕಳೆಯುವಷ್ಟರಲ್ಲಿ ಮಗುವಿಗೆ ಶೀತವಾಯಿತು. ಮೂಗು ಕಟ್ಟಿ, ಎದೆಗೆ ಕಿವಿಯಿಟ್ಟರೆ ಗೊರಗೊರ ಸದ್ದು. ಎರಡು ಗುಟುಕು ಹಾಲು ಕುಡಿಯುವುದು, ಉಸಿರಿಗೆ ಬಾಯಿ ಬಿಡುವುದು, ಮತ್ತೆ ಮೊಲೆ ಹುಡುಕುವುದು, ಸಿಟ್ಟಿನಿಂದ ಅಳುವುದು. ಮಲಗಿಸಿದರೆ ಕೆಮ್ಮು. ನೆಟ್ಟಗೆ ಎತ್ತಿಕೊಂಡರಷ್ಟೇ ಸ್ವಲ್ಪ ನಿದ್ರೆ.

ಅತ್ತೆ ತಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದರು. ಸಾಂಬ್ರಾಣಿ ಗಿಡದ, ಅಂದರೆ ದೊಡ್ಡಪತ್ರೆಯ, ದಪ್ಪ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ, ಆ ರಸವನ್ನು ನನ್ನ ಹಾಲಿನಲ್ಲಿ ಬೆರೆಸಿ ನಾಲಿಗೆಗೆ ಸವರಿದರು. ವೀಳ್ಯದೆಲೆಗೆ ತೆಂಗಿನೆಣ್ಣೆ ಹಚ್ಚಿ ಬಿಸಿ ಮಾಡಿ, ತಮ್ಮ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಮಗುವಿನ ಎದೆಗೆ ಇಟ್ಟರು. ಮೂಗಿನ ಹೊಳ್ಳೆಗೂ ಎಣ್ಣೆ ಬಿಟ್ಟರು. ಸ್ನಾನವಾದ ಮೇಲೆ ಧೂಪದ ಹೊಗೆಯನ್ನು ಎಂದಿಗಿಂತ ಹೆಚ್ಚೇ ಹಿಡಿದರು. ಹೊಗೆ ತಾಗಿದ್ದೇ ಮಗು ಕೆಮ್ಮಿ ಕೆಮ್ಮಿ ಮುಖ ಕೆಂಪು ಮಾಡಿಕೊಂಡಿತು.

ಮಾವ ಜಗಲಿಯಿಂದ ಒಳಗೆ ಬಂದು ಬಾಗಿಲಲ್ಲಿ ನಿಂತರು.

"ಮಗು ಯಾಕೆ ಹಾಗೆ ಉಸಿರು ತೆಗೆಯುದು?"

"ಶೀತ ಅಲ್ವಾ, ಕಫ ಕರಗಬೇಕಷ್ಟೆ" ಎಂದರು ಅತ್ತೆ.

ಮಾವ ಅಲ್ಲೇ ನಿಂತು ಮಗುವಿನ ಉಸಿರನ್ನು ಆಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಪುತ್ತೂರಿಗೆ ಹೋಗುವ. ನಿಮ್ಮ ಕಡೆಯವರು ತೋರಿಸುವ ಮಕ್ಕಳ ಡಾಕ್ಟ್ರು ಇದ್ದಾರಲ್ಲ, ಅವರ ಹತ್ತಿರ" ಎಂದರು. ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದೇ ಇರಬೇಕು.

ಸುಳ್ಯದವರೆಗೆ ನಡೆದು ಬಸ್ಸು ಹಿಡಿದೆವು. ತಿರುವುಗಳು ಶುರುವಾದವು, ನನಗೆ ಹೊಟ್ಟೆ ತೊಳಸಿತು. ಕಿಟಕಿಯಿಂದ ತಲೆ ಹೊರಗೆ ಹಾಕಲೇಬೇಕಾಗಿ ಬಂದಾಗ, ಯೋಚಿಸಲು ಪುರುಸೊತ್ತಿಲ್ಲದೆ ಮಗುವನ್ನು ಪಕ್ಕಕ್ಕೆ ಚಾಚಿದೆ. ಮಾವ ತೆಗೆದುಕೊಂಡರು. ವಾಂತಿ ಮಾಡಿ, ಬಾಯಿ ಒರೆಸಿಕೊಂಡು ತಿರುಗಿದರೆ, ಅವರು ಬೆನ್ನು ನೆಟ್ಟಗೆ ಮಾಡಿ, ಒಂದು ಕೈ ಮಗುವಿನ ಅಡಿಗೆ, ಇನ್ನೊಂದು ತಲೆಯ ಹಿಂದೆ ಕೊಟ್ಟು, ಅಲುಗಾಡದೆ ಕೂತಿದ್ದರು. ಮಗುವಿನ ಕೆನ್ನೆ ಅವರು ಹೆಗಲಿಗೆ ಹಾಕಿಕೊಂಡ ಬೈರಾಸು ವಸ್ತ್ರದ ಮೇಲಿತ್ತು. ಅದು ಬಾಯಿ ತೆರೆದುಕೊಂಡು ನಿದ್ರೆ ಹೋಗಿತ್ತು.

"ಕೊಡಿ ಮಾವ" ಎಂದೆ.

"ಬೇಡ. ಈಗಷ್ಟೇ ಮಲಗಿದ್ದು" ಎಂದರು. ಪುತ್ತೂರಿನಲ್ಲಿ ಇಳಿದು ಡಾಕ್ಟರ ಮೆಟ್ಟಿಲು ಹತ್ತುವವರೆಗೂ ಅವರೇ ಎತ್ತಿಕೊಂಡಿದ್ದರು.

ಡಾಕ್ಟರು ವಯಸ್ಸಾದವರು. ಮಗುವಿನ ಅಂಗಿ ಎತ್ತಿ ಪಕ್ಕೆಗಳನ್ನು ಬಹಳ ಹೊತ್ತು ನೋಡಿದರು, ಎದೆಗೂ ಬೆನ್ನಿಗೂ ಕೊಳವೆ ಇಟ್ಟು ಕೇಳಿದರು. "ಎದೆಯಲ್ಲಿ ಏನಿಲ್ಲ. ಮೂಗು, ಗಂಟಲಲ್ಲಿ ಕಟ್ಟಿದ್ದು ಅಲ್ಲಿ ಕೇಳ್ತದೆ ಅಷ್ಟೆ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ. ಹಾಲು ಕೊಡುವ ಮೊದಲು ಮದ್ದು ತೊಟ್ಟಿಕ್ಕುವ ಫಿಲ್ಲರಿನಲ್ಲಿ ಮೂಗಿಗೆ ಒಂದೊಂದು ತೊಟ್ಟು ಬಿಡಿ, ಬಟ್ಟೆಯ ಬತ್ತಿಯಲ್ಲಿ ಮೆಲ್ಲ ಒರೆಸಿ. ಹಾಲು ಸ್ವಲ್ಪ ಸ್ವಲ್ಪ, ಆಗಾಗ ಕೊಡಿ. ಮೂಗಿಗೆ ಎಣ್ಣೆ ಬೇಡ, ಅದು ಶ್ವಾಸಕೋಶಕ್ಕೆ ಇಳೀತದೆ. ಹೊಗೆಯೂ ಬೇಡ. ಪಕ್ಕೆ ಒಳಗೆ ಎಳೆದುಕೊಂಡರೆ, ಹಾಲು ಬಿಟ್ಟರೆ, ಜ್ವರ ಬಂದರೆ ಒಂದು ಗಳಿಗೆಯೂ ಕಾಯಬಾರದು."

"ವೀಳ್ಯದೆಲೆ?" ಎಂದು ನಾನು ಕೇಳಿದೆ. ಬಿಸಿ ಎಲೆಯಿಂದ ಮಗುವಿನ ಚರ್ಮ ಸುಟ್ಟೀತು, ಅದೂ ಬೇಡ ಎಂದರು.

ಮಾವ ಕೇಳಿದ್ದು ಒಂದೇ. "ಎತ್ತಿಕೊಂಡು ಕೂತರೆ ಅಡ್ಡಿ ಇಲ್ವಾ?"

"ನಿದ್ರೆ ತೂಗದ ಹಾಗೆ ಎಚ್ಚರ ಇದ್ದು ಕೂತರೆ ಒಳ್ಳೇದೇ" ಎಂದರು ಡಾಕ್ಟರು.

ಮನೆಗೆ ಬಂದು ಹೇಳಿದಾಗ ಅತ್ತೆಗೆ ನೋವಾಯಿತು. "ನಮ್ಮ ಮಕ್ಕಳೆಲ್ಲ ಇದೇ ಎಣ್ಣೆಯಲ್ಲಿ, ಇದೇ ಧೂಪದಲ್ಲಿ ದೊಡ್ಡ ಆದದ್ದಲ್ವಾ?"

ಮಾವ ಕಾಲು ತೊಳೆಯುತ್ತಿದ್ದರು. ಚೆಂಬು ಕೆಳಗಿಟ್ಟು, "ಎಲ್ಲ ಅಲ್ಲ" ಎಂದರು. ಮತ್ತೆ, "ನಿನ್ನ ತಪ್ಪು ಅಂತ ಹೇಳಿದ್ದಲ್ಲ. ಈಗ ಗೊತ್ತಿದ್ದವರು ಹೇಳಿದ್ದಾರೆ, ಹಾಗೆ ಮಾಡುವ" ಎಂದರು.

ಅತ್ತೆ ಒಳಗೆ ಹೋದರು. ಮರುದಿನ ನೀರು ಕುದಿಸುತ್ತಾ ಒಲೆಯ ಮುಂದೆ ಕೂತು, ನಾನು ಕೇಳದೆಯೇ ಹೇಳಿದರು. ನನ್ನ ಗಂಡನಿಗಿಂತ ಮೊದಲು ಒಂದು ಗಂಡು ಮಗು ಇತ್ತು. ಹೀಗೇ ಶೀತದಲ್ಲಿ ಶುರುವಾಗಿ ಉಬ್ಬಸ ಹೆಚ್ಚಾಯಿತು. ಆಗ ಬಸ್ಸಿಲ್ಲ, ಸೇತುವೆಯಿಲ್ಲ.

"ಆಸ್ಪತ್ರೆಗೆ ಇವರೇ ಎತ್ತಿಕೊಂಡು ಹೋದದ್ದು. ಹೊಳೆ ದಾಟುವಾಗ ಸದ್ದು ನಿಂತಿತಂತೆ. ನಿದ್ರೆ ಬಂತು ಅಂತ ಗ್ರಹಿಸಿ ಇವರು ಇನ್ನೂ ಬೀಸ ಬೀಸ ಹೆಜ್ಜೆ ಹಾಕಿದರಂತೆ." ಅತ್ತೆ ಸೌದೆಯನ್ನು ಒಳಗೆ ತಳ್ಳಿದರು. "ಮತ್ತೆ ಹುಟ್ಟಿದ ಒಂದನ್ನೂ ಇವರು ಎತ್ತಲಿಲ್ಲ. ನಾನೂ ಎತ್ತಿ ಅಂತ ಹೇಳಲಿಲ್ಲ."

ಬಸ್ಸಿನಲ್ಲಿ ಅಲುಗಾಡದೆ ಕೂತಿದ್ದ ಮಾವನ ಮುಖ ನೆನಪಾಯಿತು. ನಿದ್ರೆ ಹೋದ ಮಗು ಉಸಿರಾಡುತ್ತಿದೆಯೇ ಎಂದು ಅವರು ದಾರಿಯುದ್ದಕ್ಕೂ ಕೇಳಿಸಿಕೊಳ್ಳುತ್ತಿದ್ದಿರಬೇಕು. ಅತ್ತೆಯ ಕೈಯಿಂದ ಊದುಕೊಳವೆ ತೆಗೆದುಕೊಂಡು ಒಲೆ ಊದಿದೆ.

ಉಪ್ಪುನೀರಿನ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ಹಳೆಯ ಪಂಚೆ ಹರಿದು ಬತ್ತಿ ಹೊಸೆದರು. ತೊಟ್ಟು ಬಿಟ್ಟಾಗ ಮಗು ಸೀನುತ್ತಿತ್ತು, ಸೀನಿದ ಮೇಲೆ ಹಾಲಿಗೆ ಬಾಯಿ ಹಾಕಿದರೆ ಹೊಟ್ಟೆ ತುಂಬುವವರೆಗೆ ಬಿಡುತ್ತಿರಲಿಲ್ಲ. ಹಾಲು ಕುಡಿದ ಮೇಲೆ ಮಾವ ಜಗಲಿಯಿಂದ ಕರೆಯುತ್ತಿದ್ದರು, "ಇಲ್ಲಿ ಕೊಡು." ಕೆಲಸದವರು ಬಂದರೆ ತಗ್ಗಿದ ದನಿಯಲ್ಲಿ ಮಾತಾಡಿ ಕಳಿಸುತ್ತಿದ್ದರು. ಮಗು ಬೈರಾಸನ್ನೆಲ್ಲ ಜೊಲ್ಲು, ಸಿಂಬಳದಿಂದ ಒದ್ದೆ ಮಾಡುತ್ತಿತ್ತು.

ಆ ಶನಿವಾರ ಸಂಜೆ ಗಂಡ ಬಂದರು. ನಾನು ಅಂಗಳದ ಬದಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಜಗಲಿ ಕಾಣುತ್ತಲೇ ಅವರ ಕಾಲು ನಿಂತಿತು. ಒಳಗೆ ಬರಬೇಕೋ ಬೇಡವೋ ಎಂಬಂತೆ ಚೀಲ ಹಿಡಿದುಕೊಂಡೇ ಇದ್ದರು. ಅಪ್ಪನ ಹೆಗಲ ಮೇಲೆ ಒಂದು ಮಗು ಇರುವುದನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮಾವ ತಲೆ ತಿರುಗಿಸದೆ, ಅರೆಭಾಷೆ ಬಿಟ್ಟು, ನಮ್ಮಿಬ್ಬರಿಗೂ ಸೇರಿಸಿ ಎಂಬಂತೆ ಕನ್ನಡದಲ್ಲೇ ಹೇಳಿದರು.

"ಸದ್ದು ಮಾಡಬೇಡಿ. ಈಗ ಮೂಗಿನಲ್ಲೇ ಉಸಿರಾಡ್ತಾ ಉಂಟು."