ಕೆಂಪುಕಲ್ಲಿನ ಊರು, ಭೂಗೋಳದ ಟೀಚರ್

ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕೆಂಪುಕಲ್ಲು ತುಂಬಿದ ಲಾರಿಯೊಂದು ಫ್ಲೈಓವರಿನ ಹತ್ತಿರ ವಾಹನಗಳ ನಡುವೆ ಸಿಕ್ಕಿಕೊಂಡು ನನ್ನೆದುರೇ ನಿಂತಿತು. ಆಗಷ್ಟೇ ಒಂದು ಮಳೆ ಬಿದ್ದು ನಿಂತಿತ್ತು. ಹೊಸದಾಗಿ ಕಡಿದ ಕಲ್ಲಿಗೆ ನೀರು ತಾಗಿದರೆ ಒಂದು ವಾಸನೆ ಬರುತ್ತದೆ, ತುಕ್ಕು ಹಿಡಿದ ಕಬ್ಬಿಣವೂ ಹಸಿಮಣ್ಣೂ ಸೇರಿದ ಹಾಗೆ. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ...

ನಾನು ಹುಟ್ಟಿದ ಊರು ಆ ಕಲ್ಲಿನ ಮೇಲೆಯೇ ಕೂತಿತ್ತು. ಮಂಗಳೂರಿನಿಂದ ಘಟ್ಟದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಪೇಟೆ. ಪಡುವಣದಲ್ಲಿ ಹೊಳೆ, ಮೂಡಣದಲ್ಲಿ ಗುಡ್ಡ, ನಡುವೆ ಗದ್ದೆ. ಹೊಳೆಬದಿಯಲ್ಲಿ ಮಸೀದಿ, ನಮ್ಮ ಬ್ಯಾರಿಗಳ ಅಂಗಡಿಸಾಲು. ಅದರಲ್ಲೇ ನನ್ನ ಉಪ್ಪನ ಜೀನಸಿನಂಗಡಿ; ಅಪ್ಪನನ್ನು ನಾವು ಉಪ್ಪ ಅನ್ನುವುದು. ಗುಡ್ಡದ ಅರ್ಧ ಏರಿದರೆ ಇಗರ್ಜಿ, ಸುತ್ತ ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳು. ಗದ್ದೆಯ ಆಚೆ ತುಳುವರ ಮನೆಗಳು. ಗುಡ್ಡದ ನೆತ್ತಿ ಮಾತ್ರ ಬೋಳು. ಅಲ್ಲಿ ಕಲ್ಲಿನ ಕೋರೆಗಳಿದ್ದವು. ಕೋರೆಯ ಅಂಚಿನಲ್ಲಿ ತಗಡಿನ ಶೆಡ್ಡುಗಳು, ಅವುಗಳೊಳಗೆ ಕಲ್ಲು ಕಡಿಯಲು ಬಡಗಣ ಸೀಮೆಯಿಂದ ಬಂದ ಸಂಸಾರಗಳು. ಅವರನ್ನು ನಾವು ‘ಘಟ್ಟದವರು’ ಅಂತಷ್ಟೇ ಕರೆಯುತ್ತಿದ್ದೆವು.

ಶಾಲೆಯಲ್ಲಿ ನಮಗೆ ಭೂಗೋಳ ಕಲಿಸುತ್ತಿದ್ದವರು ಕೋರೆಯ ಧಣಿಯ ಹೆಂಡತಿ. ತವರು ಕೂಳೂರು, ಮದುವೆಯಾಗಿ ನಮ್ಮೂರಿಗೆ ಬಂದವರು. ಕೂತು ಪಾಠ ಮಾಡಿ ಅವರಿಗೆ ಗೊತ್ತೇ ಇರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಇರುತ್ತಿದ್ದರು. ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದರು. ಬೆಲ್ ಆದರೂ ಅವರ ಮಾತು ಜಗಲಿಯವರೆಗೆ ನಮ್ಮ ಹಿಂದೆಯೇ ಬರುತ್ತಿತ್ತು.

ಮೊದಲ ಮಳೆ ಬಂದ ಮರುದಿನ ನಮ್ಮನ್ನೆಲ್ಲ ಅಂಗಳಕ್ಕೆ ಇಳಿಸಿ, "ಇವತ್ತು ಪುಸ್ತಕ ಬೇಡ. ಹಸಿಮಣ್ಣು ಉಂಟಲ್ಲ, ನಮ್ಮ ಊರನ್ನು ಮಾಡಿ" ಅಂದರು. ನಾವು ಗುಡ್ಡ ಮಾಡಿದೆವು, ಹೊಳೆಗೆ ಬೆರಳಿನಿಂದ ಗೀರು ಎಳೆದೆವು. ಮನೆಗಳಿಗೆ ಹರಳುಕಲ್ಲು ಇಟ್ಟೆವು. ಎಲ್ಲ ಮುಗಿದ ಮೇಲೆ, ಹಿಂದೆ ನಿಂತಿದ್ದ ಒಬ್ಬಳು ಬಂದು ಗುಡ್ಡದ ನೆತ್ತಿಯಲ್ಲಿ ಒಂದು ಹರಳು ಇಟ್ಟಳು. ಕೋರೆಯ ಶೆಡ್ಡಿನಿಂದ ಶಾಲೆಗೆ ಬರುತ್ತಿದ್ದದ್ದು ಆ ಹುಡುಗಿ ಒಬ್ಬಳೇ.

"ಅದು ಊರಲ್ಲ ಟೀಚರ್, ಕೋರೆ" ಅಂತ ಯಾರೋ ಹೇಳಿದರು.

ಟೀಚರ್ ಅವಳನ್ನು ಕೇಳಿದರು, "ನಿನ್ನ ಊರು ಯಾವುದು?"

"ಇದೇ ರೀ, ಟೀಚರ್."

ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ಓಡಾಡುತ್ತಿದ್ದವರು ಅಲ್ಲಿಯೇ ನಿಂತುಬಿಟ್ಟರು. ಅವರು ಹಾಗೆ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

ಅದೇ ಮಳೆಗಾಲದ ನಡುವಿನಲ್ಲಿ ಆ ಹುಡುಗಿಯ ತಂಗಿ ಸತ್ತಳು. ಕಲ್ಲು ತೆಗೆದು ಬಿಟ್ಟ ಹೊಂಡದಲ್ಲಿ ನೀರು ತುಂಬಿತ್ತು. ಬಟ್ಟೆ ಒಗೆಯಲು ಹೋದ ತಾಯಿಯ ಹಿಂದೆ ಹೋದ ಮಗು ಅಂಚಿನಿಂದ ಜಾರಿ ಬಿತ್ತು. ಜನ ಸೇರಿ ಮೇಲೆತ್ತುವಾಗ ಜೀವ ಇರಲಿಲ್ಲ... ಊರಿನಲ್ಲಿ ಅಂದು ಸಂಜೆ ಅಂಗಡಿಗಳು ಎಂದಿನಂತೆ ತೆರೆದೇ ಇದ್ದವು.

ವಿಚಾರಣೆಗೆ ಅಧಿಕಾರಿಯೊಬ್ಬರು ಬಂದು ಪಂಚಾಯತಿನ ಜಗಲಿಯಲ್ಲಿ ಕೂತರು. ನಮ್ಮ ಶಾಲೆಯ ಗೋಡೆಗೆ ತಾಗಿಯೇ ಪಂಚಾಯತ್. ನಮ್ಮ ಕ್ಲಾಸಿನ ಕಿಟಕಿಗೆ ಎಲ್ಲ ಕೇಳುತ್ತಿತ್ತು. "ಬೇಲಿ ಇತ್ತು, ಗಾಳಿಮಳೆಗೆ ಬಿತ್ತು" ಅಂದ ಧಣಿ. ಸುತ್ತ ನಿಂತವರು ಹೌದೆಂದರು. "ಅವರು ಘಟ್ಟದವರು ಸಾರ್. ಇಂದು ಇಲ್ಲಿ, ನಾಳೆ ಇನ್ನೆಲ್ಲೋ. ಊರಿನವರಲ್ಲ" ಅಂದದ್ದು ನನ್ನ ಉಪ್ಪನ ಸ್ವರ.

ಟೀಚರ್ ಬೋರ್ಡಿನಲ್ಲಿ ಬರೆಯುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಹೊರಗೆ ಹೋದರು. ನಾವೆಲ್ಲ ಕಿಟಕಿಗೆ ಮುತ್ತಿದೆವು.

"ಬೇಲಿ ಇರಲಿಲ್ಲ ಸಾರ್. ಹಾಕಿಸಿ ಅಂತ ನಾನೇ ಇವರಿಗೆ ಹೇಳಿದ್ದೆ. ಮಳೆ ಕಳೀಲಿ ಅಂದ್ರು."

"ನೀನು ಕ್ಲಾಸಿಗೆ ಹೋಗು" ಅಂದ ಗಂಡ. ಸ್ವರ ಏರಿಸಲಿಲ್ಲ.

"ಹೋಗ್ತೇನೆ. ಇದೊಂದು ಬರ್ಕೊಳ್ಳಿ ಸಾರ್. ಆ ಮಗು ಹುಟ್ಟಿದ್ದು ಇದೇ ಊರಲ್ಲಿ. ಹೊರಗಿನದ್ದಲ್ಲ."

ಮರಳಿ ಬಂದು ಚಾಕ್ ಎತ್ತಿಕೊಂಡರು. ನಮಗೆ ಬೆನ್ನು ಹಾಕಿ, ಬಿಟ್ಟಲ್ಲಿಂದಲೇ ಬೆಲ್ ಆಗುವವರೆಗೆ ಬರೆದರು.

ಆ ಅಧಿಕಾರಿ ಕೋರೆ ಮುಚ್ಚಿಸಿದರು. ಹೊಂಡಗಳಿಗೆಲ್ಲ ಬೇಲಿ ಬಂತು. ಆದರೆ ಕೆಲಸ ನಿಂತ ಮೇಲೆ ಶೆಡ್ಡಿನವರಿಗೆ ಅಲ್ಲಿ ಎಂತ ಉಂಟು? ಒಂದು ಬೆಳಿಗ್ಗೆ ಪಾತ್ರೆ, ತಗಡು, ಕೋಳಿ, ಮಕ್ಕಳು ಎಲ್ಲ ಲಾರಿ ಹತ್ತಿದರು. ಸುದ್ದಿ ಕೇಳಿ ಟೀಚರ್ ಗುಡ್ಡ ಹತ್ತುವಾಗ ಶೆಡ್ಡುಗಳ ಜಾಗದಲ್ಲಿ ಒಲೆಯ ಕಲ್ಲುಗಳು ಮಾತ್ರ ಇದ್ದವಂತೆ. ಆ ಹುಡುಗಿ ಮತ್ತೆ ಕ್ಲಾಸಿಗೆ ಬರಲಿಲ್ಲ.

ಊರು ಟೀಚರನ್ನು ಕ್ಷಮಿಸಲಿಲ್ಲ. ಲಾರಿಯವರು, ಕಲ್ಲು ಕೊಯ್ಯುವ ಮೆಷಿನಿನವರು, ಹೋಟೆಲಿನವರು, ನನ್ನ ಉಪ್ಪ... ಎಲ್ಲರಿಗೂ ಕೋರೆಯಿಂದಲೇ ವ್ಯಾಪಾರ. ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಮನೆಯಲ್ಲಿ ಗಂಡ ಬೈಯಲಿಲ್ಲ, ಹೊಡೆಯಲಿಲ್ಲ, ಮಾತು ಬಿಟ್ಟ. ಕ್ರಿಸ್ಮಸ್ ಕಳೆದ ಮೇಲೆ ಟೀಚರ್ ಒಂದು ಬ್ಯಾಗು ಹಿಡಿದು ಮಂಗಳೂರು ಬಸ್ಸು ಹತ್ತಿದರು. ಕೂಳೂರಿನ ಅಣ್ಣನ ಮನೆ ಸೇರಿದರಂತೆ. ನಮ್ಮ ಭೂಗೋಳದ ಪಾಠ ಅಷ್ಟಕ್ಕೇ ನಿಂತಿತು.

ಮದುವೆಯಾಗಿ ನಾನು ತೊಕ್ಕೊಟ್ಟಿಗೆ ಬಂದು ಎಷ್ಟೋ ವರ್ಷಗಳ ಮೇಲೆ ಅಲ್ಲಿನ ಮಾರ್ಕೆಟಿನಲ್ಲಿ ಅವರನ್ನು ಕಂಡೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ಜನರ ನಡುವೆ ನುಗ್ಗಿ ನಡೆಯುವ ರೀತಿಯಿಂದಲೇ ಗುರುತು ಸಿಕ್ಕಿತು.

"ನೀನು ಜೀನಸಿನಂಗಡಿಯ ಮಗಳಲ್ವಾ?" ಅಂದರು. ಮನೆ, ಮಕ್ಕಳು ಯಾವುದನ್ನೂ ಕೇಳಲಿಲ್ಲ. "ಆ ಹುಡುಗಿಯ ಸುದ್ದಿ ಎಂತಾದ್ರೂ ಉಂಟಾ?"

ಯಾವ ಹುಡುಗಿ ಅಂತ ನಾನೂ ಕೇಳಲಿಲ್ಲ. ಇಲ್ಲ ಅಂದೆ.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಅವರು ಬಸ್ಸು ಹತ್ತುತ್ತಿದ್ದರಂತೆ. ಎಲ್ಲಿ ಕೋರೆ ಇದೆಯೆಂದು ಕೇಳಿದರೋ ಅಲ್ಲಿಗೆ. ಶೆಡ್ಡಿನಿಂದ ಶೆಡ್ಡಿಗೆ ಹೋಗಿ ವಿಚಾರಿಸುತ್ತಿದ್ದರಂತೆ. "ಎಂತಕ್ಕೆ ಹುಡುಕ್ತೀರಿ ಅಂತ ಕೇಳ್ತಾರೆ. ನನಗೆ ಹೇಳ್ಲಿಕ್ಕೆ ಬರುದಿಲ್ಲ" ಅಂದರು. ಮತ್ತೆ ತಾವೇ, "ನಾನು ಅವತ್ತು ಸುಮ್ಮನಿದ್ದಿದ್ರೆ ಅವಳು ಶಾಲೆ ಮುಗಿಸ್ತಿದ್ದಳು."

"ಸುಮ್ಮನಿದ್ದಿದ್ರೆ ಇನ್ನೊಂದು ಮಗು ಬೀಳ್ತಿತ್ತು ಟೀಚರ್."

"ಅದು ನನಗೂ ಗೊತ್ತುಂಟು ಮಾರಾಯ್ತಿ. ಗೊತ್ತಿದ್ರೂ ಕೂತ್ಕೊಳ್ಳಿಕ್ಕೆ ಆಗುದಿಲ್ಲ."

ಅಷ್ಟು ಹೇಳಿ, ಮಂಗಳೂರು ಬಸ್ಸು ಬಂತೆಂದು ಓಡಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ವಿಷಯ ತಿಳಿದು ಕೂಳೂರಿಗೆ ಹೋದೆ. ಕೊನೆಕೊನೆಗೆ ಹಾಸಿಗೆ ಹಿಡಿದಿದ್ದರಂತೆ. "ಮಲಗಿದಲ್ಲೂ ಹೊದಿಕೆಯ ಅಡಿಯಲ್ಲಿ ಕಾಲು ಆಡ್ತಾ ಇತ್ತು" ಅಂದರು ಅವರ ಅಣ್ಣ. ಗಂಡ ಮಣ್ಣಿಗೆ ಬಂದಿದ್ದನಂತೆ, ಸ್ಮಶಾನದ ಗೇಟಿನಲ್ಲೇ ನಿಂತು ಹೋದನಂತೆ.

ನಮ್ಮೂರು ಈಗ ಬೆಳೆದಿದೆ. ಗದ್ದೆಯಲ್ಲಿ ಕಟ್ಟಡಗಳು ಎದ್ದಿವೆ. ಅಂಗಡಿಗಳಲ್ಲಿ ಬಂಗಾಳಿ, ಹಿಂದಿ ಕೇಳುತ್ತದೆ. ಆ ಕೆಲಸಗಾರರನ್ನೂ ಊರಿನವರೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೋದಾಗಲೆಲ್ಲ ನನಗೆ ಅಲ್ಲಿ ಹೆಚ್ಚು ಹೊತ್ತು ಇರಲಾಗುವುದಿಲ್ಲ. ಮರಳುವ ಬಸ್ಸಿನ ಹೊತ್ತು ನೋಡುತ್ತಿರುತ್ತೇನೆ.

ಆ ಹುಡುಗಿಗೆ ಈಗ ನನ್ನದೇ ಪ್ರಾಯ. ಮಂಗಳೂರಿನಲ್ಲೇ ಇರಬಹುದು, ನನ್ನ ಪಕ್ಕದ ಸೀಟಿನಲ್ಲಿ ಕೂತು ಇಳಿದು ಹೋಗಿರಬಹುದು... ಅಷ್ಟು ವರ್ಷ ಒಬ್ಬರು ತನ್ನನ್ನು ಕೋರೆ ಕೋರೆ ಅಲೆದು ಹುಡುಕಿದರು ಎಂಬುದು ಅವಳಿಗೆ ಗೊತ್ತಿಲ್ಲ. ಹೇಳುವವರು ಹೋದರು. ಗೊತ್ತಿರುವ ನಾನು ಅವಳ ಮುಖವನ್ನು ಮರೆತಿದ್ದೇನೆ.